ಮಾವ ಎಲ್ಲಿಯವರೆಗೆ ಓದಿದ್ದಾರೆ?

ಮೂರು ದಿನವಾಯಿತು, ನನ್ನ ಸೀನು ನಿಂತಿಲ್ಲ. ಬ್ಯಾಂಕಿನಲ್ಲಿ ಕೌಂಟರಿನ ಆಚೆ ನಿಂತವರೆಲ್ಲ ‘ಮಳೆಗಾಲದ ಶೀತ, ಕಾಳುಮೆಣಸಿನ ಕಷಾಯ ಮಾಡಿ ಕುಡಿಯಿರಿ’ ಎಂದು ಹೇಳಿ ಹೋಗುತ್ತಿದ್ದಾರೆ. ಕಷಾಯಕ್ಕೆ ಬಗ್ಗುವ ಶೀತ ಇದಲ್ಲ. ಇದು ಕನ್ನಡ ಸಾಹಿತ್ಯ. ಶನಿವಾರ ಮಧ್ಯಾಹ್ನದಿಂದ ಭಾನುವಾರ ರಾತ್ರಿಯವರೆಗೆ ನಮ್ಮ ಮನೆಯ ಐದು ಕಪಾಟಿನ ಅಷ್ಟೂ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ, ಕೊಡವಿ, ಪುಟ ಬಿಡಿಸಿ, ತಲೆಕೆಳಗು ಹಿಡಿದು ಅಲುಗಾಡಿಸಿ, ಮತ್ತೆ ಏರಿಸಿದ್ದೇನೆ. ಹುಡುಕುತ್ತಿದ್ದದ್ದು ಪುಸ್ತಕವನ್ನಲ್ಲ. ಅಂಗೈಯಗಲದ ಒಂದು ತೀರ್ವೆ ರಶೀದಿಯನ್ನು, ಅಂದರೆ ಜಾಗದ ಕಂದಾಯ ಕಟ್ಟಿದ ಚೀಟಿಯನ್ನು.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗಿರುವ ನಮ್ಮ ಮನೆಗೆ ಊರಿನಲ್ಲಿ ‘ಪುಸ್ತಕದ ಮನೆ’ ಎಂದೇ ಹೆಸರು. ಕೇಳುವುದಕ್ಕೆ ಚೆನ್ನಾಗಿದೆ. ಮದುವೆಯ ಮಾತುಕತೆಯಲ್ಲಿ ನನ್ನ ಅಪ್ಪನಿಗೂ ಹಾಗೆಯೇ ಹೇಳಿದ್ದರು: ‘ತೋಟ ಮೂರು ಎಕರೆ, ಪುಸ್ತಕ ಐದು ಕಪಾಟು.’ ತೋಟದಲ್ಲಿ ಅಡಿಕೆ ಹೆಕ್ಕಲು ಜನ ಸಿಗುತ್ತಾರೆ, ಕಪಾಟಿನಲ್ಲಿ ರಶೀದಿ ಹೆಕ್ಕಲು ಯಾರೂ ಸಿಗುವುದಿಲ್ಲ ಎಂಬುದನ್ನು ಆಗ ಯಾರೂ ಬಾಯಿ ಬಿಡಲಿಲ್ಲ.

ವಿಷಯ ಇಷ್ಟೆ. ನಮ್ಮ ಜಾಗದ ಸರ್ವೆ ನಂಬರಿನ ಬಾಲಕ್ಕೆ ಎಲ್ಲಿಂದಲೋ ಒಂದು ‘ಎ’ ಬಂದು ಅಂಟಿಕೊಂಡಿದೆ. ಹಳೆಯ ಕೈಬರಹದ ತೀರ್ವೆ ರಶೀದಿ ಒಂದನ್ನು ತಂದು ತೋರಿಸಿದರೆ ಸರಿ ಮಾಡಿಕೊಡುತ್ತೇವೆ ಎಂದು ವಿಲೇಜ್ ಆಫೀಸಿನಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದ್ದರು. ಬೇರೆ ಯಾವ ಮನೆಯಲ್ಲಾದರೂ ಇದು ಐದು ನಿಮಿಷದ ಕೆಲಸ. ಟ್ರಂಕು ತೆರೆದರೆ, ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ರಶೀದಿಗಳು. ನಮ್ಮ ಮನೆಯಲ್ಲಿಯೂ ಟ್ರಂಕು ಇದೆ. ಅದರೊಳಗೂ ಪುಸ್ತಕವೇ ಇರುವುದು.

‘ಮಾವ, ಹಳೆಯ ತೀರ್ವೆ ರಶೀದಿ ಎಲ್ಲಿಟ್ಟಿದ್ದೀರಿ?’ ಎಂದು ಕೇಳಿದೆ.

ಮಾವ ಕನ್ನಡಕದ ಮೇಲಿನಿಂದ ನೋಡಿದರು. ‘ಭದ್ರವಾಗಿದೆ’ ಎಂದರು.

ನನ್ನ ಎದೆ ಧಸಕ್ಕೆಂದಿತು. ಈ ಮನೆಯಲ್ಲಿ ಭದ್ರವಾಗಿರುವ ಯಾವ ವಸ್ತುವನ್ನೂ ಹತ್ತು ವರ್ಷದೊಳಗೆ ಯಾರೂ ನೋಡಿದ್ದಿಲ್ಲ.

ಮಾವನಿಗೆ ಎಂಬತ್ತು. ಹುಟ್ಟುವಾಗ ಊರು ಮದ್ರಾಸಿಗೆ ಸೇರಿತ್ತು. 1956ರ ನವೆಂಬರ್ ಒಂದರಂದು ಅವರು ಹತ್ತು ವರ್ಷದ ಹುಡುಗ, ಎದ್ದು ನೋಡಿದರೆ ಊರು ಕೇರಳವಾಗಿತ್ತು. ಆಮೇಲೆ ಸರಕಾರದ ಕಾಗದಗಳು ಮಲಯಾಳದಲ್ಲಿ ಬರತೊಡಗಿದವು. ಮಾವ ಮಲಯಾಳ ಮಾತಾಡುವುದು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಇವತ್ತಿಗೂ ಕೈಗೆ ಹತ್ತಿಲ್ಲ. ಹಾಗಾಗಿ ಅವರದೊಂದು ಸಿದ್ಧಾಂತವಿದೆ: ಓದಲಾಗದ ಕಾಗದ ಇರಬೇಕಾದ ಜಾಗ ಓದುವ ಪುಸ್ತಕದ ಒಳಗೆ.

ಇನ್ನೂ ಸ್ಪಷ್ಟವಾಗಿ ಹೇಳಬೇಕೆಂದರೆ, ಗುರುತಿಗೆ. ಪುಟದ ಕಿವಿ ಮಡಚುವುದು ಅವರ ದೃಷ್ಟಿಯಲ್ಲಿ ಮಹಾಪಾಪ. ಪುಸ್ತಕವನ್ನು ಬೋರಲು ಹಾಕುವವರನ್ನು ಪಂಕ್ತಿಯಲ್ಲಿ ಕೂರಿಸಬಾರದು ಎನ್ನುತ್ತಾರೆ. ಓದುತ್ತ ಓದುತ್ತ ಯಾರಾದರೂ ಕರೆದರೆ, ಆ ಕ್ಷಣಕ್ಕೆ ಎಡಗೈಗೆ ಏನು ಸಿಗುತ್ತದೆಯೋ ಅದು ಪುಟದೊಳಗೆ ಹೋಗುತ್ತದೆ. ವೀಳ್ಯದೆಲೆಯ ತೊಟ್ಟು, ಹಾಳೆಯ ಚೂರು, ಮದುವೆಯ ಕರೆಯೋಲೆ ಇವೆಲ್ಲ ಸಾತ್ವಿಕ ಗುರುತುಗಳು. ಕರೆಂಟಿನ ಬಿಲ್ಲು ಹೋದರೆ ಅದು ರಾಜಸ. ಒಂದು ಸಲ ಕನ್ನಡಕವನ್ನೇ ಇಟ್ಟು ಮುಚ್ಚಿ, ಕನ್ನಡಕವಿಲ್ಲದೆ ಪುಸ್ತಕ ಕಾಣಿಸದೆ, ಪುಸ್ತಕವಿಲ್ಲದೆ ಕನ್ನಡಕ ಸಿಗದೆ ಇಡೀ ಸಂಜೆ ಜಗಲಿಯಲ್ಲಿ ರೇಡಿಯೋ ಕೇಳುತ್ತ ಕುಳಿತಿದ್ದರು. ಬೆಂಗಳೂರಿನಲ್ಲಿರುವ ನಾದಿನಿ ಅಪ್ಪನ ಈ ಕಾಟ ನೋಡಲಾರದೆ, ರೇಷ್ಮೆ ಕುಚ್ಚು ಕಟ್ಟಿದ ಇಪ್ಪತ್ತು ಚಂದದ ಪುಸ್ತಕಗುರುತುಗಳನ್ನು ಒಂದು ಪೊಟ್ಟಣದಲ್ಲಿ ಕಳಿಸಿದಳು. ಮಾವನಿಗೆ ಬಹಳ ಸಂತೋಷವಾಯಿತು. ಪೊಟ್ಟಣವನ್ನು ಒಡೆಯದೆ, ಹಾಗೆಯೇ ಇಡಿಯಾಗಿ, ಆಗ ಓದುತ್ತಿದ್ದ ಪುಸ್ತಕದ ನಡುವೆ ಗುರುತಿಗೆ ಇಟ್ಟರು.

ನಾನು ಬ್ಯಾಂಕಿನವಳು. ಕಾಗದ ಎಂದರೆ ನನಗೆ ದೇವರು. ಅಂಥವಳನ್ನು ತಂದು ಈ ಮನೆಗೆ ಹಾಕಿದ್ದಾರೆ. 2016ರ ನವೆಂಬರಿನಲ್ಲಿ ಐನೂರು, ಸಾವಿರದ ನೋಟು ರದ್ದಾದಾಗ ನಮ್ಮ ಶಾಖೆಯ ಮುಂದಿನ ಸರದಿ ರಸ್ತೆಗೆ ಬಂದಿತ್ತು. ಹಗಲು ಅಷ್ಟು ಜನರ ನೋಟು ಎಣಿಸಿ, ರಾತ್ರಿ ಮನೆಗೆ ಬಂದು ಮಾವನಲ್ಲಿ ಕೈಮುಗಿದು ಕೇಳಿದ್ದೆ: ‘ಪುಸ್ತಕದಲ್ಲಿ ಏನಾದರೂ ಇಟ್ಟಿದ್ದೀರಾ?’ ‘ಛೆ, ದುಡ್ಡನ್ನು ಯಾರಾದರೂ ಇಡುತ್ತಾರಾ!’ ಎಂದಿದ್ದರು. ಹಳೆಯ ನೋಟು ಕಟ್ಟುವ ಗಡುವು ಡಿಸೆಂಬರ್ 30ಕ್ಕೆ ಮುಗಿಯಿತು. ಜನವರಿ ಎರಡನೇ ವಾರ ಗದುಗಿನ ಭಾರತದ ಸಭಾಪರ್ವದಲ್ಲಿ ನಾಲ್ಕು ಐನೂರರ ನೋಟು ಸಿಕ್ಕವು. ಧರ್ಮರಾಯ ಅಷ್ಟರಲ್ಲಿ ಎಲ್ಲವನ್ನೂ ಸೋತು ಕುಳಿತಿದ್ದ. ಜೊತೆಗೆ ನಾವೂ ಎರಡು ಸಾವಿರ ಸೋತೆವು.

ಇಂಥ ಮನೆಗೆ ಕಳೆದ ಶುಕ್ರವಾರ ಮಗಳು ಶಾಲೆಯಿಂದ ಒಂದು ಫಾರಂ ಹಿಡಿದುಕೊಂಡು ಬಂದಳು.

ಜೂನ್ 19 ಕೇರಳದಲ್ಲಿ ವಾಚನಾ ದಿನ. 1995ರಲ್ಲಿ ಆ ದಿನ ಪಿ. ಎನ್. ಪಣಿಕ್ಕರ್ ತೀರಿಕೊಂಡರು. 1945ರಲ್ಲಿ ತಿರುವಿದಾಂಕೂರಿನ 47 ಗ್ರಂಥಾಲಯಗಳನ್ನು ಒಟ್ಟು ಸೇರಿಸಿಕೊಂಡು ಹೊರಟು, ಕೊನೆಗೆ ಹಳ್ಳಿಹಳ್ಳಿಗೆ ಪುಸ್ತಕ ಮುಟ್ಟಿಸಿದವರು ಅವರು. ‘ಓದಿ ಬೆಳೆಯಿರಿ’ ಎಂದು ಹೇಳುತ್ತ ಊರೂರು ಅಲೆದ ಮನುಷ್ಯ. ಅವರ ಮೇಲೆ ನನಗೆ ಗೌರವವಿದೆ. ಆದರೆ ಅವರು ಬೆಳೆಯಿರಿ ಎಂದದ್ದು ಮಕ್ಕಳಿಗೆ. ಶಾಲೆಯವರು ಮನೆಮಂದಿಯನ್ನೆಲ್ಲ ಸೇರಿಸಿಬಿಟ್ಟಿದ್ದಾರೆ. ಫಾರಮಿನ ತಲೆಬರಹ: ‘ಈ ವಾರ ನಮ್ಮ ಮನೆಯ ಓದು – ಪಟ್ಟಿ’. ಕೆಳಗೆ ಗೀಟು ಎಳೆದ ಐದು ಕಾಲಂ. ಹೆಸರು, ಸಂಬಂಧ, ಪುಸ್ತಕ, ಎಲ್ಲಿಯವರೆಗೆ ಓದಿದ್ದಾರೆ, ಅಭಿಪ್ರಾಯ. ಅಭಿಪ್ರಾಯ ಒಂದೇ ವಾಕ್ಯದಲ್ಲಿ ಇರಬೇಕಂತೆ. ಸೋಮವಾರದೊಳಗೆ ಹೆತ್ತವರ ಸಹಿಯೊಂದಿಗೆ ವಾಪಸು.

ಮಗಳ ಜೊತೆ ಬಂದಿದ್ದ ನೆರೆಮನೆಯ ಹುಡುಗಿ ಮಲಯಾಳಂ ಮಾಧ್ಯಮದವಳು. ತಲೆಬರಹವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿ, ಕೊನೆಯ ಶಬ್ದಕ್ಕೆ ಬಂದವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ‘ನಿಮ್ಮ ನಾಯಿಯೂ ಓದುತ್ತದಾ ಆಂಟಿ?’ ಎಂದಳು. ಬಾಗಿಲಲ್ಲಿ ಮಲಗಿದ್ದ ಕರಿಯ ತಲೆ ಎತ್ತಿ ನೋಡಿತು. ಸತ್ಯ ಹೇಳಬೇಕೆಂದರೆ, ಈ ಮನೆಯಲ್ಲಿ ಹಿಡಿದ ಪುಸ್ತಕವನ್ನು ಒಂದೇ ಸಲಕ್ಕೆ ಮುಗಿಸಿದ ಕೀರ್ತಿ ಇರುವುದು ಅದಕ್ಕೆ ಮಾತ್ರ. ಮರಿಯಾಗಿದ್ದಾಗ ನನ್ನ ಅಡುಗೆ ಪುಸ್ತಕವನ್ನು ರಟ್ಟು ಸಮೇತ ಮುಗಿಸಿತ್ತು.

‘ನೀನೇ ಎಲ್ಲರ ಹತ್ತಿರ ಕೇಳಿ ಬರೆದುಕೋ, ನಾನು ಆಮೇಲೆ ಸಹಿ ಹಾಕುತ್ತೇನೆ’ ಎಂದು ಮಗಳಿಗೆ ಹೇಳಿ ನಾನು ರಶೀದಿಯ ಬೆನ್ನು ಹತ್ತಿದೆ. ಆ ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂದು ಆಗ ತಿಳಿದಿರಲಿಲ್ಲ.

ಶನಿವಾರ ಊಟವಾದ ಮೇಲೆ ಮಾವನನ್ನು ಕೂರಿಸಿ ವಿಚಾರಣೆ ಶುರು ಮಾಡಿದೆ. ಯಾವ ವರ್ಷದ ರಶೀದಿ ಎಂದರೆ ಅವರಿಗೆ ವರ್ಷ ನೆನಪಾಗುವುದಿಲ್ಲ. ಆ ಹೊತ್ತಿಗೆ ಏನು ಓದುತ್ತಿದ್ದರು ಎಂಬುದು ನೆನಪಾಗುತ್ತದೆ. ನಾವೆಲ್ಲ ಗೋಡೆಗೆ ಕ್ಯಾಲೆಂಡರ್ ನೇತು ಹಾಕಿದರೆ ಮಾವನ ಕ್ಯಾಲೆಂಡರ್ ಕಪಾಟಿನಲ್ಲಿದೆ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕುಳಿತು, ‘ಕಾರಂತರು ಹೋದ ಮೇಲಿನ ಮಾರ್ಚ್’ ಎಂದರು. ಶಿವರಾಮ ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರ್ 9. ಅಂದರೆ ರಶೀದಿ 1998ರದ್ದು. ‘ಅವರು ಹೋದ ಸುದ್ದಿ ಕೇಳಿ ಮನಸ್ಸಿಗೆ ಒಂಥರಾ ಆಗಿತ್ತು. ಅವರದ್ದನ್ನೆಲ್ಲ ಮೊದಲಿನಿಂದ ಓದುವುದೆಂದು ಕುಳಿತೆ. ಹಾಗಾಗಿ ರಶೀದಿ ಕಾರಂತರದ್ದೇ ಯಾವುದರಲ್ಲಾದರೂ ಇರಬೇಕು.’

ನನಗೆ ಹೋದ ಜೀವ ಬಂದಂತಾಯಿತು. ಒಬ್ಬನೇ ಲೇಖಕ. ಆ ಸಮಾಧಾನ ಅರ್ಧ ನಿಮಿಷವೂ ಬಾಳಲಿಲ್ಲ. ಆ ಪುಣ್ಯಾತ್ಮರು ಬರೆದ ಕಾದಂಬರಿಗಳೇ ನಲವತ್ತಕ್ಕೂ ಹೆಚ್ಚು. ಅಷ್ಟಕ್ಕೆ ಬಿಟ್ಟರೆ? ಮಕ್ಕಳಿಗೆ ಎಂದು ‘ಬಾಲ ಪ್ರಪಂಚ’ ಮೂರು ಸಂಪುಟ, ದೊಡ್ಡವರಿಗೆ ಎಂದು ‘ವಿಜ್ಞಾನ ಪ್ರಪಂಚ’ ನಾಲ್ಕು ಸಂಪುಟ, ಅದರ ಮೇಲೆ ನಾಟಕ, ಪ್ರವಾಸ, ಯಕ್ಷಗಾನ, ಆತ್ಮಕಥೆ. ಒಂದೇ ಒಂದು ಕಾದಂಬರಿ ಬರೆದು ಸುಮ್ಮನಾದ ಲೇಖಕರನ್ನು ನಾನು ಈ ವಾರದಿಂದ ವಿಶೇಷವಾಗಿ ಗೌರವಿಸುತ್ತಿದ್ದೇನೆ. ಸಾಲದ್ದಕ್ಕೆ ನಮ್ಮ ಕಪಾಟಿನಲ್ಲಿ ಒಬ್ಬರ ಪುಸ್ತಕ ಒಂದೆಡೆ ಇರುವ ಪದ್ಧತಿಯೇ ಇಲ್ಲ. ಮಾವ ಓದಿ ಮುಗಿಸಿದ ಕ್ರಮದಲ್ಲಿ ಇಡುತ್ತಾರೆ, ಅರ್ಧ ಓದಿದ್ದನ್ನು ಅಡ್ಡ ಮಲಗಿಸುತ್ತಾರೆ. ಕಾರಂತರು ಐದೂ ಕಪಾಟಿನಲ್ಲಿ, ಅಡ್ಡಡ್ಡವಾಗಿ, ಉದ್ದುದ್ದವಾಗಿ, ಬಜೆಯ ತುಂಡುಗಳ ನಡುವೆ ಹರಡಿಕೊಂಡಿದ್ದರು.

ಮಳೆಗಾಲದಲ್ಲಿ ಹಳೆಯ ಪುಸ್ತಕ ತೆರೆದು ನೋಡಿದವರಿಗೆ ಗೊತ್ತು. ಪುಟಗಳು ಹಪ್ಪಳದ ಹಿಟ್ಟಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬಿಡಿಸಿದರೆ ಬೂಷ್ಟಿನ ವಾಸನೆ ನೇರ ನೆತ್ತಿಗೆ ಹತ್ತುತ್ತದೆ. ಮೂರನೆಯ ಪುಸ್ತಕಕ್ಕೆ ನನ್ನ ಮೊದಲ ಸೀನು ಬಂತು.

ಒಬ್ಬಳೇ ಹುಡುಕಿದ್ದರೆ ಶನಿವಾರ ರಾತ್ರಿಯೊಳಗೆ ಮುಗಿಯುತ್ತಿತ್ತು. ಮಾವ ಸಹಾಯಕ್ಕೆ ಕುಳಿತರು. ನಾನು ಪುಸ್ತಕ ತೆಗೆದು ಒಳಗಿನ ಗುರುತು ಹುಡುಕುವಷ್ಟರಲ್ಲಿ ಅವರು ಕೈ ಚಾಚಿ, ‘ಓಹೋ, ಇದು ಸಿಕ್ಕಿತಾ! ಇದನ್ನು ಅರ್ಧಕ್ಕೆ ಬಿಟ್ಟಿದ್ದೆ’ ಎಂದು ತೆಗೆದುಕೊಂಡು ಅಲ್ಲಿಯೇ ಓದತೊಡಗುವರು. ‘ಮಾವ, ಒಳಗೆ ಏನಿದೆ ನೋಡಿ’ ಎಂದರೆ, ‘ತಡೆ, ಇವನು ದೋಣಿ ಹತ್ತಲಿ’ ಎನ್ನುವರು. ಅವನು ದೋಣಿ ಹತ್ತುವ ಹೊತ್ತಿಗೆ ನಾನು ಎರಡು ಸಲ ಸೀನಿ, ಚಹಾ ಕುದಿಸಿ ತಂದು, ಮುಂದಿನ ಸಾಲು ಇಳಿಸಿರುತ್ತಿದ್ದೆ.

ಆದರೆ ನಿಜವಾದ ಸಮಸ್ಯೆ ಅದಲ್ಲ. ಗುರುತು ಸಿಕ್ಕಿದರೂ ಮಾವ ಅದನ್ನು ತೆಗೆಯಲು ಬಿಡುವುದಿಲ್ಲ.

ಎರಡನೆಯ ಕಪಾಟಿನಲ್ಲಿ ಮಗಳ ಲಸಿಕೆಯ ಕಾರ್ಡು ಸಿಕ್ಕಿತು. ಒಂದನೇ ತರಗತಿಗೆ ಸೇರಿಸುವಾಗ ಇಡೀ ಮನೆ ಜಾಲಾಡಿ, ಕೊನೆಗೆ ಆಸ್ಪತ್ರೆಯಲ್ಲಿ ಅಂಗಲಾಚಿ ಇನ್ನೊಂದು ಮಾಡಿಸಿಕೊಂಡಿದ್ದ ಅದೇ ಕಾರ್ಡು. ಮಗಳು ಈಗ ಏಳನೇ ತರಗತಿ. ಎಳೆಯಹೋದೆ. ಮಾವ ಪುಟದ ಮೇಲೆ ಅಂಗೈ ಊರಿದರು. ‘ಹಾಗೆ ತೆಗೆಯಬೇಡ. ಎಲ್ಲಿಯವರೆಗೆ ಓದಿದ್ದೆ ಎಂದು ತಪ್ಪಿಹೋಗುತ್ತದೆ. ಅಲ್ಲಿಗೆ ಬೇರೆ ಏನಾದರೂ ಇಡು.’

ಇದು ಮಾವನ ಕಾನೂನು. ಒಂದು ಗುರುತು ಹೊರಗೆ ಬರಬೇಕಾದರೆ ಇನ್ನೊಂದು ಒಳಗೆ ಹೋಗಬೇಕು. ಹಳೆಯ ದಿನಪತ್ರಿಕೆಯ ಅಂಚು ಹರಿದು ಕೊಟ್ಟೆ. ಎರಡು ಬೆರಳಲ್ಲಿ ಹಿಡಿದು ನೋಡಿ ಹಿಂದೆ ಕೊಟ್ಟರು. ‘ಇದು ಬಿದ್ದುಹೋಗುತ್ತದೆ. ಸ್ವಲ್ಪ ದಪ್ಪ ಇರಬೇಕು.’ ಔಷಧಿಯ ಖಾಲಿ ಪೆಟ್ಟಿಗೆಗಳನ್ನು ಕತ್ತರಿಸಿ ರಾಶಿ ಹಾಕಿದೆ. ಅವು ಭಾನುವಾರ ಮಧ್ಯಾಹ್ನಕ್ಕೆ ಮುಗಿದವು. ಅಷ್ಟರಲ್ಲಿ ಗ್ಯಾಸಿನ ಹಳೆಯ ಪುಸ್ತಕ, ನನ್ನದೇ ಒಂದು ಅರ್ಜಿ, ಯಾರದೋ ಮದುವೆಯ ಮುಯ್ಯಿಯ ಕವರು (ಒಳಗೆ ನೂರೊಂದು ರೂಪಾಯಿ ಸಮೇತ, ಆ ದಂಪತಿಗೆ ಈಗ ಮೊಮ್ಮಕ್ಕಳಿದ್ದಾರೆ), ಕುಚ್ಚಿನ ಗುರುತುಗಳ ಆ ಪೊಟ್ಟಣ ಎಲ್ಲ ಬೆಳಕು ಕಂಡವು. ಪೊಟ್ಟಣ ಸಿಕ್ಕಿದಾಗ ನಾನು ಆಸೆಯಿಂದ, ‘ಇದನ್ನೇ ಒಡೆದು ಒಂದೊಂದಾಗಿ ಇಡೋಣ ಮಾವ’ ಎಂದೆ. ‘ಮಗಳು ಕಳಿಸಿದ್ದು, ಹಾಳಾಗುತ್ತದೆ’ ಎಂದು ಮಾವ ಅದನ್ನು ಮತ್ತೆ ಅದೇ ಪುಟದಲ್ಲಿ ಮಲಗಿಸಿದರು.

ಇಲ್ಲಿಂದ ಮಂಜೇಶ್ವರ ದೂರವೇನಿಲ್ಲ. 1949ರಲ್ಲಿ ಮದ್ರಾಸ್ ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ಗೋವಿಂದ ಪೈಗಳು ಅಲ್ಲಿಯ ಮನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಇಟ್ಟುಕೊಂಡು ಕುಳಿತಿದ್ದರು ಎಂದು ಹೇಳುತ್ತಾರೆ. ಅಷ್ಟು ಭಾಷೆಯ ಪುಸ್ತಕಗಳ ನಡುವೆ ತೀರ್ವೆ ರಶೀದಿ ಎಲ್ಲಿಡುತ್ತಿದ್ದರೋ ಎಂದು ಅವರ ಬಗ್ಗೆ ಬರೆದ ಯಾವ ವಿದ್ವಾಂಸರೂ ಯೋಚಿಸಿದಂತಿಲ್ಲ.

ನಮ್ಮವರ ಸಹಾಯವನ್ನೂ ಹೇಳಿಬಿಡಬೇಕು. ಅವರು ಎರಡು ದಿನವೂ ಜಗಲಿಯಲ್ಲಿ ‘ಮಲೆಗಳಲ್ಲಿ ಮದುಮಗಳು’ ಹಿಡಿದು ಆಕಾಶ ನೋಡುತ್ತ ಕುಳಿತಿದ್ದರು. ಕುವೆಂಪು ಆ ಕಾದಂಬರಿಯನ್ನು 1967ರಲ್ಲಿ ಪ್ರಕಟಿಸಿ ಮುಗಿಸಿದರು. ಇವರು ಅದನ್ನು ಪ್ರತಿ ಜೂನಿನಲ್ಲಿ ಶುರು ಮಾಡುತ್ತಾರೆ. ಅಡಿಕೆಗೆ ಮಹಾಳಿ, ಅಂದರೆ ಕೊಳೆರೋಗ, ಬಾರದಂತೆ ಬೋರ್ಡೋ ದ್ರಾವಣ ಬಿಡಬೇಕಲ್ಲ, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದೆಲ್ಲ ತಂದಿಟ್ಟು, ಮರ ಹತ್ತುವವನಿಗೂ ಬಿಸಿಲಿಗೂ ಕಾಯುವ ಹೊತ್ತಿನ ಓದು ಅದು. ಸುಮಾರು ನಲವತ್ತನೆಯ ಪುಟಕ್ಕೆ ಬರುವಾಗ ಮಳೆ ಬಿಡುತ್ತದೆ, ಆಳು ಬರುತ್ತಾನೆ. ಅವನು ಮರ ಹತ್ತುತ್ತಿದ್ದಂತೆ ಕಾದಂಬರಿ ಕೆಳಗಿಳಿಯುತ್ತದೆ. ಮೊದಲ ನಲವತ್ತು ಪುಟ ಈಗ ಅವರಿಗೆ ಬಾಯಿಪಾಠ. ಮುಂದೆ ಏನಾಗುತ್ತದೆ ಎಂದು ನಾವು ಯಾರೂ ಹೇಳಿಲ್ಲ.

ನಾನು ಏನು ಓದುತ್ತೇನೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಅಡುಗೆಮನೆಯ ಕಪಾಟಿನ ಹಲಗೆಗಳಿಗೆ ಹಿಂದೊಮ್ಮೆ ಹಳೆಯ ವಾರಪತ್ರಿಕೆಯ ಹಾಳೆ ಹಾಸಿದ್ದೆ. ಒಗ್ಗರಣೆ ಸಿಡಿಯುವುದನ್ನು ಕಾಯುತ್ತ ಒಂದು ದಿನ ಕಣ್ಣು ಹಾಯಿಸಿದರೆ, ಧಾರಾವಾಹಿಯ ಹನ್ನೊಂದನೆಯ ಕಂತು. ಹನ್ನೆರಡು ಅದರ ಕೆಳಗಿನ ಹಲಗೆಯಲ್ಲಿತ್ತು. ನಾಯಕಿಯ ಅಣ್ಣ ಕಾಗದ ಒಡೆಯುವ ಜಾಗದಲ್ಲಿ ಉಪ್ಪಿನಕಾಯಿ ಭರಣಿ ಕುಳಿತಿದೆ. ಮಾವಿನ ಮಿಡಿಯ ಹೊಸ ಉಪ್ಪಿನಕಾಯಿ, ಒಂದು ವರ್ಷ ಅಲುಗಿಸುವಂತಿಲ್ಲ. ಕಾಯುತ್ತಿದ್ದೇನೆ.

ಭಾನುವಾರ ರಾತ್ರಿ ಎಂಟು ಗಂಟೆಗೆ ನಾನು ಸೋತು ನೆಲಕ್ಕೆ ಕುಳಿತೆ. ಕಾರಂತರಲ್ಲಿ ಸಿಕ್ಕಿದ್ದನ್ನೆಲ್ಲ ನೋಡಿಯಾಗಿತ್ತು. ಫಾರಂ ಹಿಡಿದು ಅಜ್ಜನ ಹಿಂದೆ ಓಡಾಡುತ್ತಿದ್ದ ಮಗಳು, ‘ಅಮ್ಮಾ, ಮರಳಿ ಮಣ್ಣಿಗೆ ನೋಡಿದೆಯಾ?’ ಎಂದಳು.

‘ಯಾಕೆ?’

‘ಜಾಗದ ರಶೀದಿ ಅಲ್ವಾ. ಮಣ್ಣಿನ ಪುಸ್ತಕದಲ್ಲೇ ಇರುತ್ತದೆ.’

ಬೈಯುವಷ್ಟು ಶಕ್ತಿ ಇರಲಿಲ್ಲ. ನೋಡಿದರೆ ಆ ಪುಸ್ತಕ ಕಪಾಟಿನಲ್ಲೇ ಇಲ್ಲ. ಮಾವನ ಮಂಚದ ತಲೆದೆಸೆಯ ಗೂಡಿನಲ್ಲಿ, ಅತ್ತೆಯ ಕುಂಕುಮದ ಭರಣಿಯ ಪಕ್ಕ ಇತ್ತು. ತೆರೆದೆ. ನಡುವೆ, ಹಳದಿಯಾಗಿ, ಗರಿಗರಿಯಾಗಿ, ನೀಲಿ ಶಾಯಿಯ ಮಲಯಾಳದಲ್ಲಿ ನಮ್ಮ ಸರ್ವೆ ನಂಬರು. ಬಾಲದಲ್ಲಿ ‘ಎ’ ಇರಲಿಲ್ಲ.

ಪುಸ್ತಕದಲ್ಲಿ ಇನ್ನೊಂದು ಗುರುತೂ ಇತ್ತು. ಕೊನೆಗೆ ಹತ್ತು ಪುಟ ಉಳಿದಿರುವಲ್ಲಿ ಒಂದು ಬಾಳೆಯ ನಾರು. ಮಲ್ಲಿಗೆ ಕಟ್ಟುವ ನಾರು, ಒಣಗಿ ಕೂದಲಿನಷ್ಟು ತೆಳ್ಳಗಾಗಿ, ಪುಟದ ಮೇಲೆ ಕಂದು ಗೆರೆ ಬಿಟ್ಟಿತ್ತು. ಅದು ಅತ್ತೆಯದ್ದು. ಅವರು ಹೋಗಿ ಎರಡು ವರ್ಷವಾಯಿತು. ಸಂಜೆ ಹೂ ಕಟ್ಟಿ ಮುಗಿಸಿ ಮಿಕ್ಕಿದ ನಾರನ್ನೇ ಗುರುತಿಗೆ ಇಡುತ್ತಿದ್ದರು. ಯಾವ ಕಾದಂಬರಿಯನ್ನೂ ಕೊನೆಯವರೆಗೆ ಓದುತ್ತಿರಲಿಲ್ಲ. ‘ಮುಗಿಸಿಬಿಟ್ಟರೆ ಮತ್ತೆ ಅವರೆಲ್ಲ ಎಲ್ಲಿ ಸಿಗುತ್ತಾರೆ?’ ಎನ್ನುತ್ತಿದ್ದರು. ಇಬ್ಬರೂ ಒಂದೇ ಪ್ರತಿಯನ್ನು, ಒಬ್ಬರು ಹಗಲು ಒಬ್ಬರು ರಾತ್ರಿ, ಒಂದೇ ಸಮಯಕ್ಕೆ ಓದಿರಬೇಕು.

ಮಾವ ನಾರನ್ನು ಮುಟ್ಟಲಿಲ್ಲ. ‘ಅವಳು ಯಾವಾಗಲೂ ನನ್ನಿಂದ ಮುಂದಿರುತ್ತಿದ್ದಳು’ ಎಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾನು ಸೀನಿದೆ.

‘ರಶೀದಿ ತೆಗೆದುಕೋ. ಅಲ್ಲಿಗೆ ದಪ್ಪದ್ದು ಏನಾದರೂ ಕೊಡು’ ಎಂದರು ಮಾವ.

ನನ್ನ ಕಣ್ಣು, ಮೂಗು ಎರಡೂ ಸುರಿಯುತ್ತಿದ್ದವು. ‘ಊಟದ ಮೇಜಿನ ಮೇಲೆ ಏನಿದೆಯೋ ತೆಗೆದುಕೊಳ್ಳಿ ಮಾವ’ ಎಂದು ಮುಖ ತೊಳೆಯಲು ಹೋದೆ. ಬಂದು, ರಶೀದಿಯನ್ನು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕವರಿಗೆ ಸೇರಿಸಿದೆ. ಮಗಳು ಫಾರಂ ತಂದಳು, ಸಹಿ ಹಾಕಿದೆ. ಓದಲಿಲ್ಲ. ಇಪ್ಪತ್ತು ವರ್ಷದಿಂದ ‘ಓದದೆ ಸಹಿ ಹಾಕಬೇಡಿ’ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು.

ಅಷ್ಟರಲ್ಲಿ ನೆರೆಮನೆಯ ಹುಡುಗಿ ಬೇಲಿಯಾಚೆಯಿಂದ ‘ನಾಳೆ ಅವಧಿ! ನಾಳೆ ಅವಧಿ!’ ಎಂದು ಕೂಗಿದಳು. ಮಲಯಾಳದ ಅವಧಿ ಎಂದರೆ ರಜೆ. ಭಾರಿ ಮಳೆಯ ಮುನ್ಸೂಚನೆ ಇದೆಯೆಂದು ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದ್ದರು. ಇನ್ನು ಹೇಳಬೇಕಾಗಿಲ್ಲ. ರಜೆ ಸಾರಿದ ಮರುದಿನ ನಮ್ಮ ಜಿಲ್ಲೆಯಲ್ಲಿ ಹಪ್ಪಳ ಒಣಗಿಸುವಂಥ ಬಿಸಿಲು ಬರುತ್ತದೆ. ಸೋಮವಾರ ಬೆಳಿಗ್ಗೆ ಹಾಗೆಯೇ ಬಂತು. ಬಿಸಿಲು ಕಂಡು ಮರ ಹತ್ತುವವನು ಬಂದ. ಅವನು ಬಂದದ್ದರಿಂದ ಇವರು ತೋಟಕ್ಕೆ ಹೋದರು, ಕುವೆಂಪು ಮೂವತ್ತೆಂಟನೆಯ ಪುಟದಲ್ಲಿ ಕೆಳಗಿಳಿದರು, ನಾನು ಅರ್ಧ ದಿನ ರಜೆ ಹಾಕಿ ವಿಲೇಜ್ ಆಫೀಸಿಗೆ ಹೊರಟೆ.

ಅಲ್ಲಿ ರಶೀದಿ ನೋಡಿ ಅವರಿಗೇ ಸಂತೋಷವಾಯಿತು. ‘ಇಷ್ಟು ಹಳೆಯದನ್ನು ಇಷ್ಟು ಚೆನ್ನಾಗಿ ಇಟ್ಟಿದ್ದೀರಲ್ಲ!’ ಎಂದರು. ಒಂದು ಮಡಿಕೆಯಿಲ್ಲ, ಒಂದು ತೂತಿಲ್ಲ. ನಾನು ಏನೂ ಹೇಳಲಿಲ್ಲ.

‘ಇನ್ನು ಆಧಾರ ಕೊಡಿ’ ಎಂದರು.

ಜಾಗದ ಕ್ರಯಪತ್ರ ತೆಗೆದುಕೊಟ್ಟೆ. ಮಲಯಾಳದಲ್ಲಿ ಆಧಾರ ಎಂದರೆ ಅದೇ, ಇಲ್ಲಿಯ ಕನ್ನಡಿಗರೂ ಹಾಗೆಯೇ ಹೇಳುತ್ತೇವೆ.

‘ಈ ಆಧಾರ ಅಲ್ಲ, ಆ ಆಧಾರ್. ಕಾರ್ಡು. ಜಾಗ ಯಾರ ಹೆಸರಿನಲ್ಲಿದೆಯೋ ಅವರದ್ದು.’

ಕವರಿಗೆ ಕೈ ಹಾಕಿದೆ. ಭಾನುವಾರ ಬೆಳಿಗ್ಗೆ ನಾನೇ ಕೈಯಾರೆ ಇಟ್ಟಿದ್ದೆ. ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ, ಗಟ್ಟಿಯಾದ, ಮಡಚಲು ಬಾರದ, ದಪ್ಪದ ಕಾರ್ಡು. ‘ದಪ್ಪ’ ಎಂಬ ಶಬ್ದ ತಲೆಯೊಳಗೆ ಬಂದ ಕ್ಷಣವೇ ನನಗೆ ಎಲ್ಲ ಅರ್ಥವಾಯಿತು.

ಮನೆಗೆ ಫೋನು ಮಾಡಿದೆ. ‘ಅಜ್ಜ ಮಲಗಿದ್ದಾರೆ’ ಎಂದಳು ಮಗಳು. ಮರಳಿ ಮಣ್ಣಿಗೆ ತೆರೆದು ನೋಡು ಎಂದೆ. ಅದರಲ್ಲಿ ನನ್ನ ಮೂಗಿನ ಔಷಧಿಯ ಪೆಟ್ಟಿಗೆಯ ಚೂರು ಇದೆಯಂತೆ. ನನ್ನ ಕೈಕಾಲು ತಣ್ಣಗಾಯಿತು. ಮಾವ ಒಂದೇ ಪುಸ್ತಕ ಓದುವವರಲ್ಲ. ಬೆಳಗಿನ ಕಾಫಿಗೆ ಒಂದು, ಊಟದ ಮೇಲೆ ಒಂದು, ಸಂಜೆಗೆ ಒಂದು, ರಾತ್ರಿಗೆ ಒಂದು. ಗುರುತುಗಳು ಅವುಗಳ ನಡುವೆ ವರ್ಗಾವಣೆಯಾಗುತ್ತಲೇ ಇರುತ್ತವೆ. ಅದರ ಮೇಲೆ ಎರಡು ದಿನದಿಂದ ನಾನೇ ಕಪಾಟಿನಿಂದ ಇಳಿಸಿಕೊಟ್ಟದ್ದು ಬೇರೆ.

‘ಯಾವುದರಲ್ಲಿ ಎಂದು ಫಾರಮಿನಲ್ಲಿ ಬರೆದಿದ್ದೇನಲ್ಲಾ ಅಮ್ಮ’ ಎಂದಳು ಮಗಳು.

‘ಏನು ಬರೆದಿದ್ದೀ?’

ಓದಿದಳು. ನಾನು ಸಹಿ ಹಾಕಿದ ಆ ದಾಖಲೆಯನ್ನು ಮೊದಲ ಬಾರಿಗೆ ವಿಲೇಜ್ ಆಫೀಸಿನ ವರಾಂಡದಲ್ಲಿ ನಿಂತು ಕೇಳಿಸಿಕೊಂಡೆ.

ಅಪ್ಪ: ಮಲೆಗಳಲ್ಲಿ ಮದುಮಗಳು. ಎಲ್ಲಿಯವರೆಗೆ ಓದಿದ್ದಾರೆ: ಬಿಸಿಲು ಬರುವವರೆಗೆ. ಅಮ್ಮ: ಹೆಸರಿಲ್ಲದ ಧಾರಾವಾಹಿ. ಎಲ್ಲಿಯವರೆಗೆ: ಉಪ್ಪಿನಕಾಯಿ ಭರಣಿಯವರೆಗೆ. ಅಭಿಪ್ರಾಯ: ಮುಂದಿನ ವರ್ಷ ಹೇಳುತ್ತಾರೆ. ನಾನು: ಮಲಯಾಳದ ಲೇಖಕ ಬಷೀರರ ‘ಪಾತುಮ್ಮಾಳ ಆಡು’. ಆ ಕಥೆಯಲ್ಲಿ ಆಡು ಬಷೀರರು ಬರೆದ ಪುಸ್ತಕಗಳನ್ನೇ ತಿನ್ನುತ್ತದೆ. ಅಭಿಪ್ರಾಯ: ನಮ್ಮ ಮನೆಯಲ್ಲಿ ಆಡು ಇದ್ದಿದ್ದರೆ ಅದಕ್ಕೆ ಕರೆಂಟು ಬಿಲ್ಲೂ ಸಿಗುತ್ತಿತ್ತು. ಅಜ್ಜ, ಬೆಳಿಗ್ಗೆ: ವಿಜ್ಞಾನ ಪ್ರಪಂಚ, ಎರಡನೆಯ ಸಂಪುಟ. ಎಲ್ಲಿಯವರೆಗೆ: ಗ್ಯಾಸ್ ಪುಸ್ತಕದವರೆಗೆ. ಅಜ್ಜ, ಮಧ್ಯಾಹ್ನ: ಬೆಟ್ಟದ ಜೀವ. ಎಲ್ಲಿಯವರೆಗೆ: ಆಧಾರ್ ಕಾರ್ಡಿನವರೆಗೆ.

‘ಪುಟದ ನಂಬರು ಕೇಳಿದರೆ ಅಜ್ಜ ಹೇಳಲಿಲ್ಲ, ಅದನ್ನೇ ಹೇಳಿದರು’ ಎಂದು ಸೇರಿಸಿದಳು.

ಎರಡು ನಿಮಿಷದಲ್ಲಿ ಕಾರ್ಡಿನ ಚಿತ್ರ ಮೊಬೈಲಿಗೆ ಬಂತು. ಸದ್ಯಕ್ಕೆ ಇಷ್ಟು ಸಾಕು, ಪ್ರತಿಯನ್ನು ಆಮೇಲೆ ತಂದುಕೊಡಿ ಎಂದರು. ‘ಎ’ ತೆಗೆಯುವ ಅರ್ಜಿ ಒಳಗೆ ಹೋಯಿತು. ಬರುವಾಗ ಬಸ್ಸಿನಲ್ಲಿ ಕುಳಿತು ಯೋಚಿಸಿದೆ. 1998ರಲ್ಲಿ ಯಾವುದಾದರೂ ಶಾಲೆ ನಮ್ಮ ಮನೆಗೆ ಇಂಥ ಒಂದು ಫಾರಂ ಕಳಿಸಿದ್ದರೆ ನಾನು ಈ ವಾರ ಒಂದು ಸಲವೂ ಸೀನಬೇಕಾಗಿರಲಿಲ್ಲ. ವಾರವಾರವೂ ಕಳಿಸಲಿ. ಬ್ಯಾಂಕಿನ ಲೆಡ್ಜರಿನ ಹಾಗೆ ರಟ್ಟು ಹಾಕಿಸಿ ಇಡುತ್ತೇನೆ ಎಂದು ಅಲ್ಲಿಯೇ ತೀರ್ಮಾನಿಸಿದೆ.

ಇವತ್ತು, ಮಂಗಳವಾರ, ಬೆಳಿಗ್ಗೆ ಶಾಲೆಯ ಜೀಪು ಗೇಟಿನಲ್ಲಿ ಹಾರನ್ ಹೊಡೆಯುತ್ತಿತ್ತು. ‘ಫಾರಂ ತೆಗೆದುಕೊಂಡೆಯಾ?’ ಎಂದು ಕೇಳಿದೆ. ಮಗಳು ಚಪ್ಪಲಿ ಹಾಕುತ್ತಿದ್ದವಳು ನಿಂತಳು.

‘ನಿನ್ನೆ ಆಧಾರ್ ಕಾರ್ಡು ತೆಗೆದೆನಲ್ಲ. ಅಜ್ಜನಿಗೆ ಗುರುತು ತಪ್ಪಬಾರದಲ್ಲ ಅಂತ ಅಲ್ಲಿಗೆ ಫಾರಂ ಮಡಚಿ ಇಟ್ಟೆ.’

ಒಳಗೆ ಓಡಿದೆ. ‘ಮರಳಿ ಮಣ್ಣಿಗೆ’ ಗೂಡಿನಲ್ಲಿ ಇತ್ತು. ‘ಬೆಟ್ಟದ ಜೀವ’ ಎಲ್ಲಿಯೂ ಇಲ್ಲ. ಮಾವನೂ ಇಲ್ಲ. ನೀರ್ಚಾಲಿನಲ್ಲಿ ನೆಂಟರ ಮನೆಯ ಪೂಜೆಗೆಂದು ಏಳೂವರೆಯ ಬಸ್ಸಿಗೆ ಹೋಗಿದ್ದಾರೆ, ಕೈಚೀಲದಲ್ಲಿ ಪುಸ್ತಕ ಇತ್ತು ಎಂದು ಇವರು ತೋಟದಿಂದಲೇ ಕೂಗಿ ಹೇಳಿದರು. ಮಾವನ ಮೊಬೈಲಿಗೆ ಫೋನು ಮಾಡಿದೆ. ಅದು ‘ವಿಜ್ಞಾನ ಪ್ರಪಂಚ’ದ ಪಕ್ಕದಲ್ಲಿ ಬಡಿದುಕೊಂಡಿತು. ಪುಣ್ಯಕ್ಕೆ ಒಳಗಲ್ಲ.

ಜೀಪು ಮತ್ತೊಮ್ಮೆ ಹಾರನ್ ಹೊಡೆಯಿತು. ‘ಟೀಚರ್ ಕೇಳಿದರೆ ಏನು ಹೇಳಲಿ ಅಮ್ಮ?’

‘ಅಜ್ಜ ಫಾರಮಿನವರೆಗೆ ಓದಿದ್ದಾರೆ ಎಂದು ಹೇಳು’ ಎಂದೆ, ಎರಡು ಸೀನುಗಳ ನಡುವೆ.